ಬಂಡೀಪುರದವರೆಗೆ ಒಂದು ಟ್ರಯಲ್

ಗುಂಡ್ಲುಪೇಟೆಯ ನನ್ನ ಗ್ಯಾರೇಜಿಗೆ ಆ ಹಳೇ ಜೀಪು ನಾಲ್ಕನೇ ಸಲ ಬಂತು. ಅದೇ ಇಂಜಿನ್ ಲೈಟು, ಸ್ಕ್ಯಾನರಿನಲ್ಲಿ ಅದೇ ಸೆನ್ಸರ್ ಕೋಡು. ಪ್ರತಿ ಸಲವೂ ಸೆನ್ಸರಿನ ವೈರು ಕಳಚಿರುತ್ತಿತ್ತು. ಹಾಳು ರಸ್ತೆಗೆ ಬೈದು, ಹೋದ ಸಲ ಟೇಪು ಸುತ್ತಿ ಬಿಗಿದಿದ್ದೆ. ಈಗ ಆ ಟೇಪನ್ನೇ ಯಾರೋ ಬಿಚ್ಚಿದ್ದರು.

ಜೀಪಿನ ಯಜಮಾನರು ಬಂಡೀಪುರದ ಕಾಡಿನಲ್ಲಿ ಅರಣ್ಯ ಇಲಾಖೆಯ ಡ್ರೈವರಾಗಿ ದುಡಿದು ರಿಟೈರಾದವರು. ಕಣ್ಣು ಮಂಜಾಗಿ ಗಾಡಿ ಓಡಿಸುವಂತಿಲ್ಲ. ಅಳಿಯ ಜೀಪನ್ನೂ ಅವರನ್ನೂ ತಂದುಬಿಟ್ಟು ಡ್ಯೂಟಿಗೆ ಹೋಗುತ್ತಿದ್ದ. ರಿಪೇರಿಯಾದಾಗಲೆಲ್ಲ ನನ್ನ ಪಕ್ಕ ಕೂತು ಬಂಡೀಪುರದವರೆಗೆ ಟ್ರಯಲ್‌ಗೆ ಬರುತ್ತಿದ್ದರು, ಕಿಟಕಿಗೆ ಮುಖ ಕೊಟ್ಟು ಕಾಡಿನ ಗಾಳಿ ಎಳೆದುಕೊಳ್ಳುತ್ತಿದ್ದರು.

"ಬಿಚ್ಚಿದ್ದು ನೀವೇನಾ?" ಅಂದೆ.

"ಇನ್ನೇನ್ಲಾ ಮಾಡ್ಲಿ? ಗಾಡಿ ಕೆಡದಿದ್ರೆ ನನ್ನ ಯಾರ್ಲಾ ಆ ಕಡೀಕೆ ಕರ್ಕಂಡೋಗ್ತಾರೆ?"

ವೈರು ಸಿಕ್ಕಿಸಿ, ಕೋಡು ಅಳಿಸಿ, ಟ್ರಯಲ್‌ಗೆ ಹೊರಟೆವು. ವಾಪಸ್ಸು ಬಂದ ಮೇಲೆ, "ಬಾನೆಟ್ ಎತ್ಲಾ, ಒಂದ್ಸಲ ನಾನೂ ನೋಡ್ಬುಡ್ತೀನಿ" ಅಂದರು.

ಎತ್ತಿಕೊಟ್ಟು, ನಾನು ಟೀ ಕುಡಿಯಲು ಹೋದೆ.