ಕಾಗೆ ಮುಟ್ಟದ ಎಡೆ

ಇವತ್ತು ನಮ್ಮ ಪಾಂಡವಪುರದ ಕಡೆಯ ಕೆರೆಯಲ್ಲಿ ಆದದ್ದನ್ನು ಕೇಳಿ ಸ್ನೇಹಿತರೇ.

ನನ್ನ ಹೆಂಡತಿ ಸಣ್ಣಮ್ಮ ಸತ್ತು ಹನ್ನೊಂದನೇ ದಿನ. ಏರಿಯ ಅರಳಿಮರದ ಬುಡದಲ್ಲಿ ಎಡೆ ಇಟ್ಟೆವು. ಕಾಗೆ ಮುಟ್ಟಿದರೆ ತಾನೆ ಹೋದವಳಿಗೆ ತೃಪ್ತಿ, ಮನೆಯವರಿಗೆ ಊಟ. ಆದರೆ ಅಲ್ಲಿ ಈಗ ದೋಣಿ ವಿಹಾರದ ಪಾರ್ಕು ಮಾಡಿದ್ದಾರೆ. ಬಂದವರ ತಿಂಡಿಗೆ ಬಾಯಿ ಹಾಕುವ ಕಾಗೆಗಳನ್ನು ಓಡಿಸಲು ನಮ್ಮ ಬೀದಿಯ ಪುಟ್ಟಸ್ವಾಮಿಯನ್ನೇ ಕಾವಲಿಗೆ ಇಟ್ಟಿದ್ದಾರೆ. ಒಂದು ಕಾಗೆ ಬಂದು ಕೊಂಬೆಯ ಮೇಲೆ ಕೂತಿತು. ಅವನು ಕವಣೆ ಬೀಸಿದ.

“ಲೇ, ನಿಮ್ ದೊಡ್ಡವ್ವನ ಎಡೆ ಕಣ್ಲಾ ಅದು” ಅಂದೆ.

“ಅಯ್ಯೋ, ನೋಡ್ನಿಲ್ಲ ದೊಡ್ಡಪ್ಪ. ಕೈಗೆ ಅದೇ ಅಭ್ಯಾಸ ಆಗ್ಬುಟ್ಟದೆ.”

ಕವಣೆ ಬಿಸಾಕಿ ತಾನೇ ಕಾ ಕಾ ಎಂದು ಕರೆಯುತ್ತ ನಿಂತ. ಕಾಗೆಗಳು ಆಚೆ ದಡದಲ್ಲಿ ಕೂತು ಅವನನ್ನೇ ನೋಡುತ್ತಿದ್ದವು.

“ನಿನ್ ಮಕ ಕಂಡ್ರೆ ಅವು ಬತ್ತಾವೇನ್ಲಾ? ಮರೆಗೋಗು.”

ದೋಣಿ ಶೆಡ್ಡಿನ ಹಿಂದೆ ಅವಿತುಕೊಂಡ. ಮೂರು ಗಂಟೆಯಾದರೂ ಒಂದೂ ಬರಲಿಲ್ಲ.

“ಅವ್ವಂಗೆ ಏನೋ ಕೊರಗು ಉಳ್ಕಂಡದೆ” ಎಂದು ಮಗಳು ಅಳತೊಡಗಿದಳು. ಆ ಹೆಂಗಸು ನಲವತ್ತು ವರ್ಷ ಇದೇ ಕೆರೆಯ ನೀರು ಹೊತ್ತಳು. ಒಂದು ದಿನವೂ ನನಗೆ ಇಂಥದ್ದು ಬೇಕು ಅಂದವಳಲ್ಲ.

ಕಾಗೆ ಮುಟ್ಟದಿದ್ದರೆ ಹಸುವಿಗೆ ತಿನ್ನಿಸಬೇಕು. ಇಟ್ಟ ಎಡೆಯನ್ನು ನಾವು ಎತ್ತುವಂತಿಲ್ಲ. “ಹೋಗ್ಲಾ, ಹಸ ಹೊಡ್ಕಂಡ್ ಬಾ” ಅಂದೆ. ಪುಟ್ಟಸ್ವಾಮಿ ತಲೆ ತಗ್ಗಿಸಿ ಗೇಟಿನ ಬೋರ್ಡು ತೋರಿಸಿದ. ದನಕರುಗಳಿಗೆ ಪ್ರವೇಶವಿಲ್ಲ.

ಸಂಜೆ ಗೇಟು ಹಾಕುವ ಹೊತ್ತಿಗೆ ನಮ್ಮನ್ನೂ ಹೊರಗೆ ಕಳಿಸಿದ. ಸಣ್ಣಮ್ಮನ ಎಡೆ ಒಳಗೇ ಇದೆ. ಪಾರ್ಕು ಬಹಳ ಚೆನ್ನಾಗಿದೆ, ಒಂದೇ ಒಂದು ಕಾಗೆಯ ಕಾಟವಿಲ್ಲ. ಬಿಡುವಾದಾಗ ಬನ್ನಿ.