ಕುರಿಗಂಟೆಗಳ ಕನ್ಸರ್ಟ್

ಮೊನ್ನೆ ಟ್ರಂಕ್ ಕ್ಲೀನ್ ಮಾಡುವಾಗ ಕಂಬಳಿಯ ಗಂಟೊಂದು ಕೈಗೆ ಬಂತು. ಬಿಚ್ಚುವ ಮೊದಲೇ ಕುರಿಯ ವಾಸನೆ ಮೂಗಿಗೆ ಹತ್ತಿತು. ಇಷ್ಟು ವರ್ಷ ನುಸಿಗುಳಿಗೆಗಳ ಜೊತೆ ಇದ್ದರೂ ಅದು ಸೋತಿಲ್ಲ. ಒಳಗೆ ಒಂದು ಹಿತ್ತಾಳೆ ಗಂಟೆ... ನನ್ನ ಕಾನ್ವೆಂಟ್ ಗೆಳತಿ ಕೊಟ್ಟದ್ದು.

ಬಿ.ದುರ್ಗದ ಕಡೆಯ ಕುರಿ ಸಾಕುವ ಮನೆಯಿಂದ ಚಿತ್ರದುರ್ಗದ ನಮ್ಮ ಬೋರ್ಡಿಂಗಿಗೆ ಬಂದವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಪಿಯಾನೋ ಕಲಿತೆವು. ನಾನು ಸ್ಕೇಲ್ಸ್ ಒಪ್ಪಿಸಿ ಗುಡ್ ಗರ್ಲ್ ಆದೆ. ಅವಳದು ಬೇರೆಯೇ ತಕರಾರು. ಅಕ್ಕಪಕ್ಕದ ಎರಡು ಕೀಗಳ ಮೇಲೆ ಬೆರಳಿಟ್ಟು, ಇವುಗಳ ನಡುವಿನ ಸ್ವರ ಎಲ್ಲಿ ಎಂದು ಸಿಸ್ಟರನ್ನು ಕೇಳಿದಳು. ನಡುವೆ ಏನೂ ಇಲ್ಲ ಚೈಲ್ಡ್, ಎಂದರು ಸಿಸ್ಟರ್. ರಜೆ ಮುಗಿಸಿ ಬಂದವಳು ಮನೆಯಿಂದ ಗಂಟೆಯೊಂದನ್ನು ತಂದು ಪಿಯಾನೋ ಪಕ್ಕ ಅಲ್ಲಾಡಿಸಿದಳು.

“ನಡುವೆ ಐತೆ ಸಿಸ್ಟರ್.”

ಸಿಸ್ಟರ್ ನಕ್ಕುಬಿಟ್ಟರು.

ಆ ನಡುವಿನ ಸ್ವರಗಳೇ ಅವಳ ಕೆರಿಯರ್ ಆದವು. ಕಂಪೋಸರ್ ಆದಳು, ಪರದೇಶದ ಆರ್ಕೆಸ್ಟ್ರಾಗಳು ಅವಳು ಬರೆದದ್ದನ್ನು ನುಡಿಸಿದವು. ಒಂದು ಸ್ವರವನ್ನು ಕೂದಲೆಳೆಯಷ್ಟು ಮೇಲಕ್ಕೆ, ಕೂದಲೆಳೆಯಷ್ಟು ಕೆಳಕ್ಕೆ ಸರಿಸಿ, ಅದು ಹೇಗೆ ಮಿನುಗುತ್ತದೆ ಎಂದು ಊಟ ಮರೆತು ಕೇಳುತ್ತಿದ್ದಳು. ಊರಿಗೆ ಬಂದರೆ ಮಾತ್ರ ಅಪ್ಪನದು ಅದೇ ಪ್ರಶ್ನೆ: “ಹಾಡೂ ಅಲ್ಲ, ಭಜನೆನೂ ಅಲ್ಲ. ನೀನ್ ಮಾಡೋದು ಏನವ್ವ?” ಎಷ್ಟೋ ಊರುಗಳ ಅಪ್ಲಾಸ್ ಕಂಡವಳು ಅಲ್ಲಿ ಮಂಕಾಗುತ್ತಿದ್ದಳು. ಒಂದು ಸಲ ಅಪ್ಪನಿಗೆ ತಿಳಿದರೆ ಸಾಕು ಎನ್ನುವುದೇ ಅವಳ ಆಸೆ.

ಅದಕ್ಕೇ ಹೊಳಲ್ಕೆರೆಯ ಒಂದು ಹಾಲ್‌ನಲ್ಲಿ ಕನ್ಸರ್ಟ್ ಇಟ್ಟಳು. ನಾಲ್ಕು ವಯೊಲಿನ್, ಜೊತೆಗೆ ಅಪ್ಪನ ಮಂದೆಯ ಗಂಟೆಗಳು. ಗಂಟೆ ಕೊಳ್ಳುವಾಗ ಅವರು ಕಿವಿಯ ಹತ್ತಿರ ಹಿಡಿದು, ಮಂದೆಯಲ್ಲಿ ಆಗಲೇ ಇರುವ ದನಿಯಾದರೆ ವಾಪಸ್ ಇಡುತ್ತಿದ್ದರಂತೆ; ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಮಗಳು ಕೇಳಿದಳೆಂದು ಎಲ್ಲವನ್ನೂ ಬಿಚ್ಚಿಕೊಟ್ಟರು. ಗಂಟೆಯಿಲ್ಲದ ಮಂದೆಯನ್ನು ಬಿಟ್ಟು ಬರಲು ಮಾತ್ರ ಧೈರ್ಯವಾಗಲಿಲ್ಲ. ಹೊಡೆದುಕೊಂಡೇ ಬಂದು, ಹಾಲ್ ಹಿಂದಿನ ಬಯಲಲ್ಲಿ ನಿಲ್ಲಿಸಿ, ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತರು.

ವಯೊಲಿನ್‌ಗಳು ಸಣ್ಣಗೆ ಎಳೆಯತೊಡಗಿದಾಗ, ಇನ್ನೂ ಟ್ಯೂನ್ ಮಾಡ್ತಾ ಅವ್ರೆ ಎಂದು ನನ್ನ ಹಿಂದಿನವರು ಗೊಣಗಿದರು. ಆಮೇಲೆ ಗಂಟೆಗಳು ಶುರುವಾದವು... ಬಾಗಿಲಲ್ಲಿ ಮೊದಲು ಮುಂದಾಳು ಕುರಿಯ ಮುಖ. ಹಿಂದೆಯೇ ಇಡೀ ಮಂದೆ! ಕುರ್ಚಿಗಳ ಸಂದಿಯಲ್ಲಿ ನುಗ್ಗಿ ಸ್ಟೇಜ್ ಕೆಳಗೆ ನಿಂತವು. ಹಾಲ್ ತುಂಬ ನಗು. ಇವಳು, ನಿಲ್ಲಿಸಬೇಡಿ ಎಂದು ನುಡಿಸುವವರಿಗೆ ಕೈ ಬೀಸಿದಳು. ನಾಚಿಕೊಂಡು ಕೋಲು ಹಿಡಿದು ಎದ್ದ ಅಪ್ಪ ಅಲ್ಲೇ ನಿಂತುಬಿಟ್ಟರು. ಕತ್ತು ಓರೆ ಮಾಡಿ ಕೊನೆಯವರೆಗೂ ಕೇಳಿದರು.

“ನೀನ್ ಮಾಡಿರೋದು ಸಂಜಿ ಮುಂದೆ ಮಂದೆ ಮನೀಗ್ ತಿರುಗೋ ಹೊತ್ತು” ಎಂದರು ಮಗಳಿಗೆ. “ನಂಗಿಂತ ಮುಂಚೆ ಅವಕ್ಕೆ ತಿಳೀತು ನೋಡು.”

ಅವಳು ನಕ್ಕಳೋ ಅತ್ತಳೋ... ಮುಂದಾಳು ಕುರಿಯ ಗಂಟೆಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ನನಗೆ ಕೊಟ್ಟಳು. ರೆಕಾರ್ಡಿಂಗ್‌ನಿಂದ ಕುರಿಗಳ ಕೂಗನ್ನು ತೆಗೆಯಲು ಒಪ್ಪಲೇ ಇಲ್ಲ.

ಅವಳು ತೀರಿಹೋಗಿ ಇದು ಎರಡನೆಯ ಬೇಸಿಗೆ. ಗಂಟೆ ಅಲ್ಲಾಡಿಸಿ ನೋಡಿದೆ. ಯಾವ ಎರಡು ಕೀಗಳ ನಡುವಿನದೋ, ನನ್ನ ಹಿಯರಿಂಗ್ ಏಡ್‌ಗೆ ಅಷ್ಟು ಸೂಕ್ಷ್ಮ ತಿಳಿಯದು. ಟ್ರಂಕಿಗೆ ಮರಳಿ ಹಾಕಲು ಮನಸ್ಸಾಗದೆ ಬಾಗಿಲಿಗೆ ಕಟ್ಟಿದ್ದೇನೆ. ಕುರಿ ಯಾವಾಗ ತಂದ್ರಿ ಮೇಡಂ ಎಂದು ಹಾಲು ಹಾಕುವವನು ದಿನವೂ ಛೇಡಿಸುತ್ತಾನೆ. ಈ ಗಂಟೆ ಕೇಳಿ ಬರಬೇಕಾದವಳು ಬರುವುದಿಲ್ಲ, ಗೊತ್ತು. ಆದರೂ ಸಂಜೆ ಹೊತ್ತು ಬಾಗಿಲು ತೆರೆದೇ ಇಡುತ್ತೇನೆ.