ಅಜ್ಜ ಮಾಡಿದ ಅಲುಗಾಡದ ಹಲಗೆ

ಜೂನ್ 9, ಭಾನುವಾರ. ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಬರೆಯಲು ಕುಳಿತೆ. ಈಗಷ್ಟೇ ಅವ್ವ ಕುಡಿಯುವ ನೀರಿನ ಕೊಡ ತಂದು, ಮೂಲೆಯಲ್ಲಿರುವ ದುಂಡು ಹಲಗೆಯ ಮೇಲಿಟ್ಟಳು. ಕಂಠದವರೆಗೆ ತುಂಬಿದ ಕೊಡ, ಒಂದು ಹನಿ ಚೆಲ್ಲಲಿಲ್ಲ. ಆ ಹಲಗೆಯನ್ನು ಅಜ್ಜ ಕೊಡಕ್ಕಾಗಿ ಮಾಡಿದ್ದಲ್ಲ, ನನ್ನ ಕಾಲಿಗಾಗಿ ಮಾಡಿದ್ದ. ಅದು ಅಲುಗಾಡಬೇಕಿತ್ತು. ಮೂರು ವರ್ಷದ ಹಿಂದಿನ ಡೈರಿ ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೇನೆ, ತಾರೀಖುಗಳು ತಪ್ಪಬಾರದು.

ಆ ವರ್ಷ ಪೊಲೀಸ್ ನೇಮಕಾತಿಯ ಲಿಖಿತ ಪರೀಕ್ಷೆ ಪಾಸಾಗಿದ್ದೆ. ಓಟದ ಪರೀಕ್ಷೆ ಮಾರ್ಚ್ 24ಕ್ಕಿತ್ತು. ಫೆಬ್ರವರಿ 3ರಂದು ಶಹಾಪುರದ ಮೈದಾನದಲ್ಲಿ ಉದ್ದ ಜಿಗಿತದ ಅಭ್ಯಾಸ ಮಾಡುವಾಗ ಬಲಗಾಲಿನ ಹರಡು, ಪಾದದ ಮೇಲಿನ ಕೀಲು, ಹೊರಳಿತು. ಎಲುಬು ಮುರಿದಿರಲಿಲ್ಲ, ಕೀಲಿನ ಕಟ್ಟು ಸಡಿಲಾಗಿತ್ತು. ಬಾವು ಇಳಿದ ಮೇಲೆ, 18ನೇ ತಾರೀಖು, ಅಜ್ಜ ನನ್ನನ್ನು ಸುರಪುರದಿಂದ ಎರಡು ಬಸ್ಸು ಬದಲಿಸಿ ಯಾದಗಿರಿಯ ಫಿಜಿಯೋಥೆರಪಿ ಮೇಡಂ ಹತ್ತಿರ ಕರೆದುಕೊಂಡು ಹೋದ.

ಅವರು ನನ್ನನ್ನು ಒಂದು ದುಂಡು ಹಲಗೆಯ ಮೇಲೆ ನಿಲ್ಲಿಸಿದರು. ಅದರ ಅಡಿಯಲ್ಲಿ ಅರ್ಧ ತೆಂಗಿನಕಾಯಿಯಂಥ ಉಬ್ಬು. ಎಲ್ಲಿ ಭಾರ ಬಿತ್ತೋ ಅತ್ತ ವಾಲುತ್ತಿತ್ತು. ಐವತ್ತು ವರ್ಷ ಬಡಗಿತನ ಮಾಡಿದ ಅಜ್ಜ ಅದನ್ನು ಬಗ್ಗಿ ನೋಡಿದ, ಕೈಯಿಂದ ಒತ್ತಿದ.

"ಮೇಡಂ ಅವ್ರ, ಇದರ ಬುಡ ಸರಿಯಿಲ್ರಿ. ಒಂದ ಬೆಣಿ ಇದ್ರ ಕೊಡ್ರಿ, ಬಡದು ಕೂಡಸ್ತೀನಿ."

"ಬ್ಯಾಡ್ರಿ ಅಜ್ಜಾರ, ಅಲುಗಾಡ್ಲಿ ಅಂತನ ಹಂಗ ಮಾಡ್ಯಾರ. ಅದು ಅಲುಗಾಡಿದ್ರ ಈಕಿ ಹರಡಿಗಿ ಬಲ ಬರ್ತದ."

"ಅಲುಗಾಡ್ಲಿ ಅಂತ ಯಾರರ ಮಾಡ್ತಾರೇನ್ರಿ?"

"ಮಾಡ್ತಾರ್ರಿ. ದಿನಾ ಬರೂದು ಆಗಂಗಿಲ್ಲಂದ್ರ ನೀವೂ ಮನ್ಯಾಗ ಒಂದು ಮಾಡ್ರಿ."

ಅಜ್ಜ ಗೇಣು ಹಾಕಿ ಅಳತೆ ತೆಗೆದುಕೊಂಡ. ಬಸ್ಸಿನಲ್ಲಿ ಶಹಾಪುರ ದಾಟುವವರೆಗೆ ಆ ಗೇಣುಗಳನ್ನೇ ಬೆರಳಲ್ಲಿ ಎಣಿಸುತ್ತಿದ್ದ.

ಅವನಿಗೆ ಒಂದು ಪದ್ಧತಿಯಿತ್ತು. ಮಲಗುವ ಹೊರಸು, ಬೆಂಚು, ಮಣೆ, ಏನೇ ಮಾಡಿದರೂ ಅದರ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಅಂಗೈಯಿಂದ ಮೂರು ಸಲ ಜೋರಾಗಿ ಬಡಿಯುತ್ತಿದ್ದ. ಹನಿ ಚೆಲ್ಲಿದರೆ ಆ ಸಾಮಾನು ಅಂದು ಮನೆ ಬಿಟ್ಟು ಹೋಗುತ್ತಿರಲಿಲ್ಲ. ಮದುವೆಗೆಂದು ಹೊರಸು ಮಾಡಿಸಿದವರು ಬಾಗಿಲಲ್ಲಿ ಬಂಡಿ ನಿಲ್ಲಿಸಿಕೊಂಡು ಕಾದದ್ದನ್ನು ನಾನೇ ನೋಡಿದ್ದೇನೆ.

ನನ್ನ ಹಲಗೆ ಫೆಬ್ರವರಿ 20ಕ್ಕೆ ಸಿದ್ಧವಾಯಿತು. ಮೇಲೆ ಬೇವಿನ ಹಲಗೆ, ಅಡಿಯಲ್ಲಿ ಹಳೆಯ ಬಂಡಿಯ ಜಾಲಿ ಕಟ್ಟಿಗೆಯಿಂದ ಕೆತ್ತಿದ ಉಬ್ಬು. ಅಜ್ಜ ಅಭ್ಯಾಸದಂತೆ ಲೋಟ ಇಟ್ಟ. ಬಡಿಯುವ ಮೊದಲೇ ಲೋಟ ಉರುಳಿ ಅವನ ಧೋತರ ತೊಯ್ಯಿತು. ಹಲಗೆಯನ್ನು ನನ್ನ ಮುಂದೆ ಸರಿಸಿದ.

ಡೈರಿಯಲ್ಲಿ ಹೀಗಿದೆ: 20ರಂದು ಹಲಗೆಯ ಮೇಲೆ ನಿಂತದ್ದು 4 ಸೆಕೆಂಡು. 22ರಂದು 5 ಸೆಕೆಂಡು, ಬಿದ್ದದ್ದು ಹನ್ನೊಂದು ಸಲ. 23ರಂದು ಹೊಸ್ತಿಲಿಗೆ ಬಡಿದು ಮೊಣಕೈ ತರಚಿತು.

ಅವ್ವ ರೊಟ್ಟಿ ಬಡಿಯುತ್ತ ಅಂದಳು: "ನೆಟ್ಟಗ ನಿಂದ್ರಾಕ ಬರವಲ್ದು, ನೀ ಕಳ್ಳನ್ನ ಏನ ಹಿಡೀತಿ?"

"ಕಳ್ಳ ಹಲಗಿ ಮ್ಯಾಲ ಓಡ್ತಾನೇನ ಬೇ?" ಅಂದೆ. ಅವ್ವ ನಕ್ಕಳು. ಅಜ್ಜ ನಗಲಿಲ್ಲ, ನನ್ನ ಮೊಣಕೈ ನೋಡುತ್ತಿದ್ದ.

ಆಮೇಲೆ ಅಂಕಿಗಳು ಏರತೊಡಗಿದವು. 26ರಂದು 15 ಸೆಕೆಂಡು. ಮಾರ್ಚ್ 1ರಂದು 40. 5ನೇ ತಾರೀಖು ಎರಡು ನಿಮಿಷ. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಕಾಲು ವಾಸಿಯಾಯಿತು ಎಂದೇ ನಂಬಿದ್ದೆ.

ಮಾರ್ಚ್ 8ರಂದು ಯಾದಗಿರಿಗೆ ಹೋಗಿ ಮೇಡಂ ಅವರ ಹಲಗೆಯ ಮೇಲೆ ಹತ್ತಿದೆ. ಐದೇ ಸೆಕೆಂಡಿಗೆ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಮೇಡಂ ನನ್ನ ಡೈರಿ ತಿರುವಿ ನೋಡಿ, "ಮನ್ಯಾಗಿನ ಹಲಗಿ ಎಂಥಾದ ಅದ?" ಅಂದರು.

ಮನೆಗೆ ಬಂದು ಹಲಗೆಯನ್ನು ಮಗುಚಿದೆ. ಅಲ್ಲಿಯವರೆಗೆ ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಉಬ್ಬಿನ ಬುಡ, ಕಟ್ಟಿಗೆ ನಯಗೊಳಿಸುವ ರಂದಾ ಉಜ್ಜಿದಂತೆ, ಅಂಗೈಯಷ್ಟು ಅಗಲಕ್ಕೆ ಸಪಾಟಾಗಿತ್ತು.

"ರಂದಾ ಹೊಡದಿ ಏನಜ್ಜ?"

"ಹ್ಞೂಂ."

"ಯಾವಾಗ?"

"ನೀ ಮಧ್ಯಾಹ್ನ ಮಲಗಿದಾಗ. ದಿನಾ ಸ್ವಲ್ಪ ಸ್ವಲ್ಪ."

"ಯಾಕಜ್ಜ?"

"ನೀ ಬೀಳಾಕತ್ತಿದ್ದಿ. ನಾ ಮಾಡಿದ್ದರ ಮ್ಯಾಲಿಂದ ಇಲ್ಲೀತನಕ ಯಾರೂ ಬಿದ್ದಿಲ್ಲವ್ವಾ."

ಓಟಕ್ಕೆ ಹದಿನಾರು ದಿನ ಉಳಿದಿತ್ತು. ನಾನು ಅತ್ತೆ. ಅಜ್ಜ ಎದ್ದು ಹೋಗಿ ಬಾಚಿ ತಂದು, ಆ ಬಂಡಿಯದೇ ಉಳಿದ ತುಂಡನ್ನು ಕೆತ್ತತೊಡಗಿದ. 10ನೇ ತಾರೀಖು ಎರಡನೇ ಹಲಗೆ ಬಂತು. ಇದು ನಿಜಕ್ಕೂ ಅಲುಗಾಡುತ್ತಿತ್ತು. ದಿನಾ ಬೆಳಿಗ್ಗೆ ಅವನು ಹೊಸ್ತಿಲಿಗೆ ಅಡ್ಡಲಾಗಿ ಕುಳಿತು, ಅಂಚಿನವರೆಗೆ ತುಂಬಿದ ಲೋಟವನ್ನು ನನ್ನ ಕೈಗೆ ಕೊಡುತ್ತಿದ್ದ.

"ಹಲಗಿ ಅಲುಗಾಡ್ಲಿ. ಲೋಟ ಅಲುಗಾಡಬಾರ್ದು."

ಮೊದಲ ದಿನ ಅರ್ಧ ಲೋಟ ಚೆಲ್ಲಿತು. 23ರಂದು 38 ಸೆಕೆಂಡು ನಿಂತೆ, ನಾಲ್ಕೈದು ಹನಿ ಮಾತ್ರ. ಮರುದಿನ ಓಡಿದೆ. ಗೆರೆ ಮುಟ್ಟಿದಾಗ ಮೂರು ಸೆಕೆಂಡು ತಡವಾಗಿತ್ತು.

ಅಜ್ಜ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. "ಎಷ್ಟಕ ತಪ್ಪಿತು?" ಅಂದ.

"ಮೂರು ಸೆಕೆಂಡಿಗಿ."

ಸ್ವಲ್ಪ ದೂರ ನಡೆದ ಮೇಲೆ ಅಂದ: "ಆ ಮೂರು ನನ್ನವು. ನಿನ್ನ ವಯ್ಯಾಗ ಹಂಗಂತ ಬರಕೋ."

ಡೈರಿಯಲ್ಲಿ ಬರೆದುಕೊಂಡೆ. ಆ ಪುಟದಲ್ಲಿ ಈಗಲೂ ಹಾಗೇ ಇದೆ. ಮುಂದಿನ ನೇಮಕಾತಿಯಲ್ಲಿ ನಾನು ಓಡಿ ಪಾಸಾಗುವಷ್ಟರಲ್ಲಿ ಅಜ್ಜ ತೀರಿಕೊಂಡು ಐದು ತಿಂಗಳಾಗಿತ್ತು. ಎರಡನೇ ಹಲಗೆ ನನ್ನ ಕ್ವಾರ್ಟರ್ಸಿನಲ್ಲಿದೆ. ರಜೆಗೆ ಮನೆಗೆ ಬಂದಾಗ ಮಾತ್ರ ಮೊದಲನೆಯದನ್ನು ನೋಡುತ್ತೇನೆ. ಈಗ ಬರೆಯುವುದರ ನಡುವೆ, ಅವ್ವ ಅತ್ತ ಹೋದಾಗ, ಕೊಡ ಇಳಿಸಿ ಅದರ ಮೇಲೆ ನಿಂತೆ. ಹತ್ತು ನಿಮಿಷವಾದರೂ ಬೀಳಲಿಲ್ಲ. ಬೀಳಲು ಅವನು ಬಿಟ್ಟಿರಲಿಲ್ಲ.

ಈ ಲೋಟದ ಪದ್ಧತಿಯನ್ನು ಗುರುಮಠಕಲ್ ಕಡೆಯ ತನ್ನ ಗುರುವಿನಿಂದ ಕಲಿತೆ ಎಂದು ಅಜ್ಜ ಒಮ್ಮೆ ಹೇಳಿದ್ದ. ಗುರುವಿನ ಹೆಸರು ನಾನು ಕೇಳಲಿಲ್ಲ, ಡೈರಿಯಲ್ಲೂ ಇಲ್ಲ. ಆ ಕಡೆಯ ಬಡಗಿಗಳ ಮನೆಯವರು ಇದನ್ನು ಓದಿದರೆ, ತುಂಬಿದ ಲೋಟ ಇಟ್ಟು ಬಡಿಯುವವರನ್ನು ಕಂಡಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಯಾವ ಊರು, ಯಾವ ವರ್ಷ, ಎಷ್ಟು ಸಲ ಬಡಿಯುತ್ತಿದ್ದರು ಎಂಬುದನ್ನೂ ಬರೆಯಿರಿ.